ಹಳೇ ಡಿಸ್ಕಿನಿಂದ ಹೊಸ ಡಿಸ್ಕಿಗೆ ಬ್ಯಾಕಪ್: ಕರೆಂಟ್ ಹೋಗುವ ಊರಲ್ಲಿ ಸಿಪಿ, ಆರ್‌ಸಿಂಕ್, ಆರ್‌ಕ್ಲೋನ್

ಮಳೆಗಾಲದಲ್ಲಿ ತೀರ್ಥಹಳ್ಳಿಯಂಥ ಊರಲ್ಲಿ ಕೂತು ದೊಡ್ಡ ಬ್ಯಾಕಪ್ ಒಂದನ್ನು ಡಿಸ್ಕಿನಿಂದ ಡಿಸ್ಕಿಗೆ ಸಾಗಿಸುವಾಗ ನಾನು ಸಿಪಿ, ಆರ್‌ಸಿಂಕ್, ಆರ್‌ಕ್ಲೋನ್‌ನಂಥ ಯಾವ ಕಾಪಿ ಟೂಲಿಗಾದರೂ ಮೊದಲು ಕೇಳುವ ಪ್ರಶ್ನೆ ಒಂದೇ. ನಡುವೆ ಕರೆಂಟ್ ಹೋದರೆ ನೀನು ಎಲ್ಲಿಂದ ಮುಂದುವರಿಸುತ್ತೀಯ? ಸ್ಪೀಡ್ ಆಮೇಲಿನ ಮಾತು. ಆರಿದ್ರಾ ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಕಡೆ ಮರ ಬಿದ್ದು ಲೈನ್ ಹೋಗುತ್ತದೆ. ಬಂದ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಹೇಳಲಾರರು. ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಅದೇ ದೊಡ್ಡದು. ಆ ಲೆಕ್ಕದಲ್ಲಿ 1 ಟಿಬಿಗೆ ಸುಮಾರು 8 ಗಂಟೆ ಬೇಕು. 3.0 ಪೋರ್ಟಿನಲ್ಲಿ 100 ಎಂಬಿ ಬಂದರೂ ಹತ್ತಿರ ಹತ್ತಿರ ಮೂರು ಗಂಟೆ. ಅಷ್ಟು ಹೊತ್ತು ಒಂದೇ ಸಮ ಕರೆಂಟ್ ಇರುತ್ತದೆ ಎಂದು ನಂಬಿ ಕೆಲಸಕ್ಕೆ ಕೈ ಹಾಕುವುದು ಬೇಡ.

ಸಾಗಿಸಬೇಕಿದ್ದದ್ದು ನಮ್ಮೂರಿನ ಒಂದು ಫೋಟೋ ಸ್ಟುಡಿಯೋದ 2 ಟಿಬಿ ಡಿಸ್ಕು. ತುಂಬಿ ಹೋಗಿತ್ತು. ಹೊಸದು 4 ಟಿಬಿ. ಎರಡರಲ್ಲೂ ಇದ್ದದ್ದು ಇಎಕ್ಸ್‌ಟಿ4, ಅಂದರೆ ಲಿನಕ್ಸ್ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ. ಒಳಗಿದ್ದ ಸಾಮಾನು ಮೂರು ಬಗೆಯದು. ಮದುವೆ ಮತ್ತು ಯಕ್ಷಗಾನದ ವಿಡಿಯೋ, ಒಂದೊಂದೂ ಹತ್ತಾರು ಜಿಬಿ. ತಾರೀಕಿನ ಹೆಸರಿರುವ ದಿನದ ಬ್ಯಾಕಪ್ ಫೋಲ್ಡರ್‌ಗಳು. ಜೊತೆಗೆ ಲೆಕ್ಕಪತ್ರದ ಒಂದು ರೆಸ್ಟಿಕ್ ರೆಪಾಸಿಟರಿ, ಅಂದರೆ ರೆಸ್ಟಿಕ್ ಎಂಬ ಬ್ಯಾಕಪ್ ಟೂಲ್ ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಇಟ್ಟ ಸಂಗ್ರಹ. "ಅರ್ಧ ಆದ್ಮೇಲೆ ಕರೆಂಟ್ ತೆಗೆದ್ರೆ ಏನ್ ಮಾಡ್ತೀರಿ ಮಾರಾಯ್ರೇ? ನನ್ನ ಹತ್ರ ಇನ್ನೊಂದು ಕಾಪಿ ಇಲ್ಲ" ಎಂದು ಸ್ಟುಡಿಯೋದವರು ಕೇಳಿದ್ದರು. ಅವರ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು ಅನ್ನಿಸಿತು. ಹಾಗಾಗಿ ಬೇಡದ ಡೇಟಾ ತುಂಬಿದ ಒಂದು ಹಳೇ ಡಿಸ್ಕ್ ಇಟ್ಟುಕೊಂಡು, ಪ್ರತಿ ಟೂಲ್ ಓಡುತ್ತಿರುವಾಗಲೂ ಬೇಕೆಂದೇ ಅಡಾಪ್ಟರ್ ಸ್ವಿಚ್ ಆರಿಸಿ ನೋಡಿದೆ.

ಅಡಾಪ್ಟರ್ ಎಂದೆ, ಅದು ಮುಖ್ಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ತೊಂದರೆ ಇಲ್ಲ ಎಂದುಕೊಳ್ಳುತ್ತೇವೆ ಅಲ್ವಾ? 2.5 ಇಂಚಿನ ಪುಟ್ಟ ಡಿಸ್ಕಾದರೆ ಸರಿ, ಅದು ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. 3.5 ಇಂಚಿನ ಡೆಸ್ಕ್‌ಟಾಪ್ ಡಿಸ್ಕಿಗೆ ಬೇರೆ 12 ವೋಲ್ಟ್ ಅಡಾಪ್ಟರ್ ಬೇಕು. ಲೈನ್ ಹೋದ ತಕ್ಷಣ ಲ್ಯಾಪ್‌ಟಾಪ್ ಓಡುತ್ತಲೇ ಇರುತ್ತದೆ, ಡಿಸ್ಕು ಮಾತ್ರ ಅದರ ಕೈಯಿಂದ ಜಾರಿ ಹೋಗುತ್ತದೆ.

ಸಿಪಿಯಿಂದ ಶುರು ಮಾಡಿದೆ. ಇದು ಲಿನಕ್ಸಿನ ಮಾಮೂಲಿ ಕಾಪಿ ಕಮಾಂಡ್. ಮೈನಸ್ ಎ (-a) ಎಂಬ ಆಯ್ಕೆ ಕೊಟ್ಟರೆ ಸಿಪಿ ಒಳ್ಳೆಯ ಕೆಲಸಗಾರ. ಪರ್ಮಿಷನ್, ತಾರೀಕು, ಹಾರ್ಡ್ ಲಿಂಕ್ (ಡಿಸ್ಕಿನಲ್ಲಿರುವ ಒಂದೇ ಫೈಲಿಗೆ ಇರುವ ಹಲವು ಹೆಸರು) ಎಲ್ಲ ಹಾಗೇ ಉಳಿಸುತ್ತದೆ. ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಸಹಿಸಬಹುದು. ಸಹಿಸಲಾಗದ್ದು ಕರೆಂಟ್ ಹೋದ ಮೇಲಿನ ಕಥೆ. ಮತ್ತೆ ಓಡಿಸಿದರೆ ಎಲ್ಲವೂ ಮೊದಲಿನಿಂದ. ಹಾಗಾಗಬಾರದು ಎಂದು ಮೈನಸ್ ಯು ಸೇರಿಸುವವರು ತುಂಬ ಜನ ಇದ್ದಾರೆ. ಆ ಕಡೆ ಇರುವ ಫೈಲ್ ಹಳೆಯದಾಗಿದ್ದರೆ ಮಾತ್ರ ಕಾಪಿ ಮಾಡು ಎಂದು ಅದರ ಅರ್ಥ. ಈಗ ನೋಡಿ. ಅರ್ಧಕ್ಕೆ ನಿಂತ ವಿಡಿಯೋ ಹೊಸ ಡಿಸ್ಕಿನಲ್ಲಿದೆ. ಸಿಪಿ ಮೂಲದ ತಾರೀಕನ್ನು ಹಾಕುವುದು ಫೈಲ್ ಪೂರ್ತಿ ಆದ ಮೇಲೆ. ಇದು ಪೂರ್ತಿ ಆಗಿಲ್ಲ, ಹಾಗಾಗಿ ಅದರ ಮೇಲಿರುವುದು ಇವತ್ತಿನ ತಾರೀಕು. ಮೂಲ ಫೈಲಿನದು ಹೋದ ವರ್ಷದ್ದು. ಸಿಪಿ ಲೆಕ್ಕಕ್ಕೆ ಆ ತುಂಡು ಫೈಲೇ ಹೊಸದು. ಅದನ್ನು ಮುಟ್ಟದೆ ಮುಂದೆ ಹೋಗುತ್ತದೆ. ಕೊನೆಗೆ ಒಂದೂ ಎರರ್ ಇಲ್ಲದೆ ಕೆಲಸ ಮುಗಿಯುತ್ತದೆ, ಮದುವೆಯ ಅರ್ಧ ವಿಡಿಯೋ ಇರುವುದೇ ಇಲ್ಲ. ನನ್ನ ಪರೀಕ್ಷೆಯಲ್ಲಿ ಇದನ್ನು ಕಣ್ಣಾರೆ ಕಂಡ ಮೇಲೆ ಸಿಪಿಯನ್ನು ಇಂಥ ಕೆಲಸಕ್ಕೆ ಬೇಡ ಎಂದು ತೀರ್ಮಾನಿಸಿದೆ. ಯುಪಿಎಸ್ ಇದ್ದು, ಹಗಲು ಹೊತ್ತು, ಐವತ್ತು ಜಿಬಿ ಒಳಗಿನ ಕೆಲಸವಾದರೆ ಧಾರಾಳವಾಗಿ ಬಳಸಿ.

ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುವ ಎಂವಿ ಕಮಾಂಡ್ ಬೇಡವೇ ಬೇಡ. ಎರಡು ಬೇರೆ ಡಿಸ್ಕ್‌ಗಳ ನಡುವೆ ಎಂವಿ ಎಂದರೆ ಕಾಪಿ ಮಾಡಿ ಮೂಲವನ್ನು ಅಳಿಸುವುದು. ಹೊಸ ಡಿಸ್ಕಿನಲ್ಲಿ ಡೇಟಾ ಸರಿಯಾಗಿ ಕೂತಿದೆಯಾ ಎಂದು ನೀವು ನೋಡುವ ಮೊದಲೇ ಹಳೆಯದು ಹೋಗಿರುತ್ತದೆ. ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವ ಡಿಡಿ ಕಮಾಂಡೂ ಇಲ್ಲಿಗೆ ಹೊಂದುವುದಿಲ್ಲ. ಖಾಲಿ ಜಾಗವನ್ನೂ ಸೇರಿಸಿ ಇಡೀ ಡಿಸ್ಕ್ ಕಾಪಿ ಮಾಡುತ್ತದೆ, ಎರಡಕ್ಕೂ ಒಂದೇ ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಬಂದು ಮೌಂಟ್ ಮಾಡುವಾಗ, ಅಂದರೆ ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸಿ ತೆರೆಯುವಾಗ, ಗೊಂದಲ ಆಗುತ್ತದೆ.

ಇನ್ನು ಆರ್‌ಸಿಂಕ್. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಟೂಲು. ಫೈಲಿನ ಸೈಜು ಮತ್ತು ತಾರೀಕು ಎರಡನ್ನೂ ನೋಡುತ್ತದೆ. ಒಂದು ಬೇರೆ ಇದ್ದರೂ ಮತ್ತೆ ಕಳಿಸುತ್ತದೆ. ಹಾಗಾಗಿ ಸಿಪಿ ಬಿದ್ದ ಗುಂಡಿಗೆ ಇದು ಬೀಳುವುದಿಲ್ಲ. ಸ್ವಿಚ್ ಆರಿಸಿದಾಗ ಇನ್‌ಪುಟ್ ಔಟ್‌ಪುಟ್ ಎರರ್ ಎಂದು ಹೇಳಿ, ಕೋಡ್ 11 ಕೊಟ್ಟು ನಿಂತಿತು. ಮತ್ತೆ ಓಡಿಸಿದರೆ ಮುಗಿದ ಫೈಲ್‌ಗಳನ್ನು ದಾಟಿಕೊಂಡು ನಿಂತ ಫೈಲಿಗೆ ಬಂತು. ಇಷ್ಟು ಎಲ್ಲರಿಗೂ ಗೊತ್ತಿರುವ ವಿಷಯ.

ಗೊತ್ತಿಲ್ಲದ್ದು ಆ ನಿಂತ ಫೈಲಿನ ಗತಿ. ಆರ್‌ಸಿಂಕ್ ಮೊದಲು ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ಹೆಸರಿನ ಮುಂದೆ ಒಂದು ಚುಕ್ಕಿ, ಕೊನೆಯಲ್ಲಿ ಇನ್ನೊಂದು ಚುಕ್ಕಿ ಮತ್ತು ಆರು ಅಡ್ಡಾದಿಡ್ಡಿ ಅಕ್ಷರ. ಪೂರ್ತಿ ಆದ ಮೇಲೆ ಸರಿಯಾದ ಹೆಸರಿಗೆ ಬದಲಿಸುತ್ತದೆ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಆ ಫೈಲನ್ನು ತಾನೇ ಅಳಿಸುತ್ತದೆ, ಪಾರ್ಷಲ್ ಆಯ್ಕೆ ಕೊಟ್ಟಿದ್ದರೆ ಇಟ್ಟುಕೊಳ್ಳುತ್ತದೆ. ಆದರೆ ಡಿಸ್ಕಿನ ಕರೆಂಟೇ ಹೋದಾಗ ಅಳಿಸಲೂ ಪುರುಸೊತ್ತಿಲ್ಲ, ಹೆಸರು ಬದಲಿಸಲೂ ಇಲ್ಲ. ಪಾರ್ಷಲ್ ಕೊಟ್ಟಿದ್ದರೂ ಉಪಯೋಗಕ್ಕೆ ಬರಲಿಲ್ಲ. ಚುಕ್ಕಿ ಫೈಲ್ ಹಾಗೇ ಬಿದ್ದಿತ್ತು, ಮುಂದಿನ ಸಲ ಆ ವಿಡಿಯೋ ಮೊದಲಿನಿಂದ ಹೋಯಿತು. ಚುಕ್ಕಿ ಇರುವುದರಿಂದ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡನ್ನು ಸುಮ್ನೆ ಕೊಟ್ಟರೆ ಅದು ಕಾಣುವುದೂ ಇಲ್ಲ. 40 ಜಿಬಿ ವಿಡಿಯೋದ ಮುಕ್ಕಾಲು ಭಾಗ ಜಾಗ ತಿಂದುಕೊಂಡು ಕೂತಿರುತ್ತದೆ.

ಇದಕ್ಕೆ ಉತ್ತರ ಅಪೆಂಡ್-ವೆರಿಫೈ ಎಂಬ ಆಯ್ಕೆ. ತಾತ್ಕಾಲಿಕ ಫೈಲ್ ಇಲ್ಲ, ನೇರವಾಗಿ ಕೊನೆಯ ಫೈಲಿಗೇ ಬರೆಯುತ್ತದೆ. ಮತ್ತೆ ಓಡಿಸಿದಾಗ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಸೇರಿಸುತ್ತಾ ಹೋಗುತ್ತದೆ, ಆಮೇಲೆ ಹಳೇ ತುಂಡನ್ನೂ ಸೇರಿಸಿ ಇಡೀ ಫೈಲಿನ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ನೋಡುತ್ತದೆ. ತಾಳೆ ಆಗದಿದ್ದರೆ ಮತ್ತೆ ಕಳಿಸುತ್ತದೆ. ಕರೆಂಟ್ ಹೋದ ಹೊತ್ತಿನಲ್ಲಿ ಫೈಲಿನ ಬಾಲ ಹಾಳಾಗಿರುವ ಸಾಧ್ಯತೆ ಇರುವುದರಿಂದ ಈ ತಾಳೆ ಬೇಕೇ ಬೇಕು. ಒಂದು ಎಚ್ಚರಿಕೆ: ಆ ಕಡೆಯ ಫೈಲ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಇದು ಮುಟ್ಟುವುದಿಲ್ಲ. ಹಾಗಾಗಿ ಬದಲಾಗುತ್ತಲೇ ಇರುವ ಫೈಲ್‌ಗಳಿಗೆ ಬೇಡ. ಒಮ್ಮೆ ತೆಗೆದು ಇಟ್ಟ ವಿಡಿಯೋಗೆ ಹೇಳಿ ಮಾಡಿಸಿದ್ದು.

ತಾರೀಕಿನ ಫೋಲ್ಡರ್‌ಗಳ ಕಥೆ ಬೇರೆ. ಇವನ್ನು ಮಾಡಿದ್ದೇ ಆರ್‌ಸಿಂಕಿನ ಲಿಂಕ್-ಡೆಸ್ಟ್ ಆಯ್ಕೆಯಿಂದ. ಪ್ರತಿ ದಿನದ ಫೋಲ್ಡರೂ ತೆರೆದರೆ ಪೂರ್ತಿ ಇದ್ದ ಹಾಗೆ ಕಾಣುತ್ತದೆ. ಬದಲಾಗದ ಫೈಲ್ ಮಾತ್ರ ಡಿಸ್ಕಿನಲ್ಲಿ ಇರುವುದು ಒಂದೇ, ಒಂದೇ ತೋಟಕ್ಕೆ ಹತ್ತು ಕಡೆಯಿಂದ ದಾರಿ ಇದ್ದ ಹಾಗೆ. ಬರೀ ಮೈನಸ್ ಎ ಕೊಟ್ಟರೆ ಆರ್‌ಸಿಂಕ್ ಈ ಹಾರ್ಡ್ ಲಿಂಕ್‌ಗಳನ್ನು ಉಳಿಸುವುದಿಲ್ಲ. ಸಿಪಿಯ ಮೈನಸ್ ಎ ಉಳಿಸುತ್ತದೆ, ಇದರ ಮೈನಸ್ ಎ ಉಳಿಸುವುದಿಲ್ಲ. ತುಂಬ ಜನ ಎಡವುವುದು ಇಲ್ಲೇ. 100 ಜಿಬಿಯ 30 ಫೋಲ್ಡರ್ ಇದ್ದರೆ ಹೊಸ ಡಿಸ್ಕಿನಲ್ಲಿ ಅದು 3 ಟಿಬಿ ಆಗಿ ಹರಡಿಕೊಳ್ಳುತ್ತದೆ. ದೊಡ್ಡಕ್ಷರದ ಎಚ್ ಅನ್ನು ಬೇರೆಯಾಗಿ ಕೊಡಬೇಕು. ಎಲ್ಲ ಫೋಲ್ಡರ್‌ಗಳೂ ಒಂದೇ ಕಮಾಂಡಿನಲ್ಲಿ ಹೋಗಬೇಕು. ಒಂದೊಂದು ತಾರೀಕನ್ನು ಬೇರೆ ಬೇರೆಯಾಗಿ ಕಳಿಸಿದರೆ ಎಚ್ ಕೊಟ್ಟೂ ಪ್ರಯೋಜನ ಇಲ್ಲ. ಆಯಿತೋ ಇಲ್ಲವೋ ನೋಡುವುದು ಸುಲಭ. ಎಲ್‌ಎಸ್‌ಗೆ ಮೈನಸ್ ಎಲ್‌ಐ ಕೊಟ್ಟು ಒಂದೇ ಫೈಲನ್ನು ಎರಡು ತಾರೀಕಿನಲ್ಲಿ ನೋಡಿ. ಸಾಲಿನ ಮೊದಲಿಗೆ ಬರುವ ಐನೋಡ್ ನಂಬರ್ (ಡಿಸ್ಕಿನಲ್ಲಿ ಆ ಫೈಲಿನ ಗುರುತು) ಎರಡರಲ್ಲೂ ಒಂದೇ ಇದ್ದರೆ ಲಿಂಕ್ ಉಳಿದಿದೆ.

ಮೂಲದ ಹೆಸರಿನ ಕೊನೆಯಲ್ಲಿ ಹಾಕುವ ಓರೆ ಗೆರೆಯೂ ನೆನಪಿರಲಿ. ಗೆರೆ ಇದ್ದರೆ ಫೋಲ್ಡರಿನ ಒಳಗಿನದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಮೊದಲ ಸಲ ಒಂದು ಥರ, ಕರೆಂಟ್ ಬಂದ ಮೇಲೆ ಇನ್ನೊಂದು ಥರ ಕೊಟ್ಟರೆ ಎರಡನೇ ಕಾಪಿಯೊಂದು ಬೇರೆ ಜಾಗದಲ್ಲಿ ಶುರುವಾಗುತ್ತದೆ. ಕಮಾಂಡನ್ನು ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಬರೆದಿಟ್ಟು ಅದನ್ನೇ ಮತ್ತೆ ಮತ್ತೆ ಓಡಿಸುವುದು ಒಳ್ಳೆಯದು. ಮೊದಲು ಡ್ರೈ-ರನ್ (ಏನನ್ನೂ ಬರೆಯದೆ ಓಡಿಸಿ ನೋಡುವ ಆಯ್ಕೆ) ಮತ್ತು ಪಟ್ಟಿ ತೋರಿಸುವ ಮೈನಸ್ ವಿ ಕೊಟ್ಟು ಪಟ್ಟಿ ಓದಿ.

ಯಾವ ಟೂಲ್ ಬಳಸಿದರೂ ಇರುವ ಅಪಾಯ ಒಂದಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಕರೆಂಟ್ ಬಂದ ಮೇಲೆ ಡಿಸ್ಕ್ ಮತ್ತೆ ಎದ್ದಾಗ ಅದರ ಹೆಸರು ಬದಲಾಗಿರಬಹುದು. ನನ್ನಲ್ಲಿ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿ ಬಂತು. ತಾನಾಗಿಯೇ ಮೌಂಟ್ ಆಗಲಿಲ್ಲ. ಆದರೆ ಮೌಂಟ್ ಮಾಡುವ ಖಾಲಿ ಫೋಲ್ಡರ್ ಲ್ಯಾಪ್‌ಟಾಪಿನಲ್ಲಿ ಇದ್ದೇ ಇರುತ್ತದೆ. ಅವಸರದಲ್ಲಿ ಕಮಾಂಡ್ ಓಡಿಸಿದರೆ ಡೇಟಾ ಎಲ್ಲ ಲ್ಯಾಪ್‌ಟಾಪಿನ ಸ್ವಂತ ಡಿಸ್ಕಿಗೆ ಹೋಗಿ ಅದು ತುಂಬಿ ಹೋಗುತ್ತದೆ. ಇನ್ನೂ ಕೆಟ್ಟದ್ದೂ ಆಗಬಹುದು. ಮೌಂಟ್ ಆಗದೇ ಉಳಿದದ್ದು ಮೂಲ ಡಿಸ್ಕ್ ಆಗಿದ್ದು, ಕಮಾಂಡಿನಲ್ಲಿ ಡಿಲೀಟ್ ಆಯ್ಕೆ ಇದ್ದರೆ, ಆರ್‌ಸಿಂಕಿಗೆ ಮೂಲ ಖಾಲಿ ಎಂದು ಕಾಣುತ್ತದೆ. ಹೊಸ ಡಿಸ್ಕನ್ನೂ ಖಾಲಿ ಮಾಡುತ್ತದೆ. ದಯವಿಟ್ಟು ಇಂಥ ಕೆಲಸಕ್ಕೆ ಡಿಲೀಟ್ ಬಳಸಬೇಡಿ. ಮೌಂಟ್ ಮಾಡುವಾಗ ಯುಯುಐಡಿ ಕೊಡಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಮೌಂಟ್‌ಪಾಯಿಂಟ್ ಎಂಬ ಪುಟ್ಟ ಕಮಾಂಡಿನಿಂದ ಎರಡೂ ಡಿಸ್ಕ್ ಇದೆಯೇ ಎಂದು ನೋಡಿಸಿ. ಖಾಲಿ ಫೋಲ್ಡರಿಗೆ ಮೊದಲೇ ಚ್ಯಾಟರ್ ಕಮಾಂಡಿನಿಂದ ಪ್ಲಸ್ ಐ ಹಾಕಿಟ್ಟರೆ ಡಿಸ್ಕ್ ಮೌಂಟ್ ಆಗದಿದ್ದಾಗ ಎಲ್ಲ ಅಧಿಕಾರ ಇರುವ ರೂಟ್ ಯೂಸರಿಗೂ ಅಲ್ಲಿ ಬರೆಯಲು ಆಗುವುದಿಲ್ಲ. ನನಗೆ ಇದು ತುಂಬ ಇಷ್ಟವಾದ ಉಪಾಯ.

ಕಾಪಿ ಮುಗಿದ ಮೇಲೆ ಪರೀಕ್ಷೆ. ಹೊಸ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಕಳಚಿ, ಮತ್ತೆ ಹಾಕಿ. ಇಲ್ಲದಿದ್ದರೆ ಈಗಷ್ಟೇ ಬರೆದದ್ದು ಮೆಮೊರಿಯಿಂದಲೇ ಓದಿ ಬರಬಹುದು. ಆಮೇಲೆ ಆರ್‌ಸಿಂಕಿಗೆ ಚೆಕ್‌ಸಮ್, ಡ್ರೈ-ರನ್ ಮತ್ತು ಮೈನಸ್ ವಿ ಮೂರನ್ನೂ ಕೊಟ್ಟು ಓಡಿಸಿ. ಎರಡೂ ಡಿಸ್ಕನ್ನು ಪೂರ್ತಿ ಓದುವುದರಿಂದ ಕಾಪಿಯಷ್ಟೇ ಹೊತ್ತು ಹಿಡಿಯುತ್ತದೆ. ಒಂದು ಫೈಲೂ ಪಟ್ಟಿಯಲ್ಲಿ ಬರದಿದ್ದರೆ ನಿಶ್ಚಿಂತೆ.

ಆರ್‌ಕ್ಲೋನ್ ಬಗ್ಗೆ ನನಗೆ ಗೌರವ ಇದೆ. ನಿಕ್ ಕ್ರೇಗ್-ವುಡ್ ಶುರು ಮಾಡಿದ ಈ ಟೂಲ್ ಕ್ಲೌಡಿಗೆಂದೇ ಹುಟ್ಟಿದ್ದು, ಡಿಸ್ಕಿನಿಂದ ಡಿಸ್ಕಿಗೂ ನಡೆಯುತ್ತದೆ. ಕಣ್ಣಿಗೆ ಹಿತವಾಗಿ ಪ್ರೋಗ್ರೆಸ್ ತೋರಿಸುತ್ತದೆ, ಕಳಿಸಿದ ಪ್ರತಿ ಫೈಲಿನ ಚೆಕ್‌ಸಮ್ ತಾನಾಗಿಯೇ ನೋಡುತ್ತದೆ. ಚೆಕ್ ಎಂಬ ಅದರ ಕಮಾಂಡ್ ಮೂರೂ ಟೂಲ್‌ಗಳಲ್ಲಿ ಓದಲು ಎಲ್ಲಕ್ಕಿಂತ ಸುಲಭ. ಆದರೆ ಹಾರ್ಡ್ ಲಿಂಕ್ ಅದಕ್ಕೆ ಗೊತ್ತಿಲ್ಲ, ತಾರೀಕಿನ ಫೋಲ್ಡರ್‌ಗಳಿಗೆ ಅಲ್ಲಿಗೇ ಬಾಗಿಲು ಮುಚ್ಚಿತು. ಸಿಂಬಾಲಿಕ್ ಲಿಂಕ್‌ಗಳನ್ನು (ಬೇರೆ ಫೈಲಿನ ದಾರಿ ತೋರಿಸುವ ಕೊಂಡಿಗಳು) ನಾವು ಹೇಳದಿದ್ದರೆ ಬಿಟ್ಟು ಹೋಗುತ್ತದೆ. ಖಾಲಿ ಫೋಲ್ಡರ್ ಬೇಕೆಂದರೂ ಹೇಳಬೇಕು. ನಿಂತ ಫೈಲನ್ನು ಮೊದಲಿನಿಂದಲೇ ಕಳಿಸುತ್ತದೆ. ಜೊತೆಗೆ, ಏನೂ ಹೇಳದಿದ್ದರೆ ಒಟ್ಟಿಗೆ ನಾಲ್ಕು ಫೈಲ್ ಸಾಗಿಸುತ್ತದೆ. ಇಂಟರ್ನೆಟ್ಟಿಗೆ ಅದು ಒಳ್ಳೆಯದೇ. ತಿರುಗುವ ಹಾರ್ಡ್ ಡಿಸ್ಕಿಗೆ ನಾಲ್ಕು ಕಡೆ ಓಡಾಡುವುದೇ ಕೆಲಸ, ಒಳಗಿನ ಕಟಕಟ ಸದ್ದು ಕೇಳಿದರೇ ಗೊತ್ತಾಗುತ್ತದೆ. ಟ್ರಾನ್ಸ್‌ಫರ್ಸ್ ಅನ್ನು 1ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಸ್ಟುಡಿಯೋದವರ ಆಯ್ದ ವಿಡಿಯೋಗಳನ್ನು ಕ್ಲೌಡಿಗೆ ಏರಿಸಲು ಇದನ್ನೇ ಇಟ್ಟುಕೊಂಡೆ.

ರೆಸ್ಟಿಕ್ ರೆಪಾಸಿಟರಿಗೆ ಮಾತ್ರ ಬೇರೆ ಸ್ಪರ್ಧಿ ಇದೆ, ರೆಸ್ಟಿಕ್‌ನದೇ ಕಾಪಿ ಕಮಾಂಡ್. ಬೇಕಾದ ಸ್ನ್ಯಾಪ್‌ಶಾಟ್‌ಗಳನ್ನಷ್ಟೇ (ಒಂದೊಂದು ಸಲದ ಬ್ಯಾಕಪ್) ಆರಿಸಿ, ಹೊಸ ಪಾಸ್‌ವರ್ಡ್ ಇರುವ ಇನ್ನೊಂದು ರೆಪಾಸಿಟರಿಗೆ ಕಳಿಸಬಹುದು. ಹೊಸದನ್ನು ತೆರೆಯುವಾಗ ಹಳೆಯದರ ಚಂಕರ್ ಸೆಟ್ಟಿಂಗನ್ನೂ (ಡೇಟಾವನ್ನು ತುಂಡು ಮಾಡುವ ಲೆಕ್ಕ) ತೆಗೆದುಕೊಳ್ಳಲು ಹೇಳಬೇಕು. ಇಲ್ಲದಿದ್ದರೆ ಮುಂದೆ ಸೇರುವ ಡೇಟಾ ಈಗಿನದರ ಜೊತೆ ಹೊಂದದೆ ಜಾಗ ಜಾಸ್ತಿ ಹಿಡಿಯುತ್ತದೆ. ಪ್ರತಿ ತುಂಡನ್ನೂ ಬಿಡಿಸಿ ಮತ್ತೆ ಎನ್‌ಕ್ರಿಪ್ಟ್ ಮಾಡುವುದರಿಂದ ನಿಧಾನ. ಸ್ಟುಡಿಯೋದವರಿಗೆ ಬೇಕಿದ್ದದ್ದು ಇದ್ದದ್ದು ಇದ್ದ ಹಾಗೆ, ಹಾಗಾಗಿ ಬ್ಯಾಕಪ್ ನಿಲ್ಲಿಸಿ ಆರ್‌ಸಿಂಕಿನಿಂದಲೇ ಸಾಗಿಸಿದೆ. ರೆಸ್ಟಿಕ್ ಡೇಟಾ ಫೋಲ್ಡರಿನಲ್ಲಿ ಫೈಲಿನ ಹೆಸರೇ ಅದರ ಒಳಗಿನದರ ಎಸ್‌ಎಚ್‌ಎ-256 ಚೆಕ್‌ಸಮ್. ಯಾವ ಫೈಲನ್ನು ಬೇಕಾದರೂ ಎತ್ತಿಕೊಂಡು ಎಸ್‌ಎಚ್‌ಎ256ಸಮ್ ಓಡಿಸಿ ಹೆಸರಿನ ಜೊತೆ ಹೋಲಿಸಬಹುದು. ಸ್ಟುಡಿಯೋದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲವನ್ನು ಹಾಗೆ ತೋರಿಸಿದೆ. ಉಳಿದದ್ದಕ್ಕೆ ರೆಸ್ಟಿಕ್ ಚೆಕ್, ರೀಡ್-ಡೇಟಾ ಆಯ್ಕೆಯ ಜೊತೆ. ಪಾಸ್‌ವರ್ಡ್ ಹಳೆಯದೇ ಇರುತ್ತದೆ. ಅದನ್ನು ಕಂಪ್ಯೂಟರಿನಲ್ಲಲ್ಲದೆ ಕಾಗದದ ಮೇಲೂ ಬರೆದು ಮನೆಯಲ್ಲಿ ಇಡಿಸಿದೆ, ಏಕೆಂದರೆ ಅದು ಕಳೆದರೆ ಈ ರೆಪಾಸಿಟರಿಯನ್ನು ಯಾರಿಂದಲೂ ತೆರೆಯಲು ಆಗುವುದಿಲ್ಲ.