ಮೇಜಿಗೆ ಪಾಲಿಯುರೆಥೇನ್ ಹಚ್ಚಿ ಎರಡು ವರ್ಷ: ಒಣಗಿದ್ದು ಬೇಗ, ಗಟ್ಟಿಯಾಗಿದ್ದು ತಿಂಗಳಿಗೆ

ಓದುವ ಮೇಜಿಗೆ ಎಣ್ಣೆ ಆಧಾರಿತ ಪಾಲಿಯುರೆಥೇನ್, ಅಂದರೆ ಮರಕ್ಕೆ ಬಳಿಯುವ ಒಂದು ಬಗೆಯ ಪಾರದರ್ಶಕ ವಾರ್ನಿಷ್, ಹಚ್ಚಿ ಎರಡು ವರ್ಷ ಆಯಿತು. ಆಮೇಲೆ ಒಂದು ಪುಸ್ತಕದ ಕಪಾಟಿಗೂ ಅದನ್ನೇ ಹಚ್ಚಿದೆ. ಸರಕು ಚೆನ್ನಾಗಿದೆ, ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಡಬ್ಬಿಯ ಮೇಲಿನ ಬರಹಕ್ಕೆ. 24 ಗಂಟೆಯಲ್ಲಿ ಒಣಗುತ್ತದೆ ಅಂತ ಎದುರಿಗೇ ದಪ್ಪ ಅಕ್ಷರ, ಪೂರ್ತಿ ಗಟ್ಟಿಯಾಗಲು ಸುಮಾರು 30 ದಿನ ಬೇಕು ಅನ್ನೋದು ಹಿಂದುಗಡೆ ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣದು. ನಾನು ಓದಲಿಲ್ಲ ಬಿಡಿ.

ಕೊನೇ ಕೋಟ್ ಆಗಿ ಮೂರನೇ ದಿನ ಮುಟ್ಟಿ ನೋಡಿದೆ. ಅಂಟು ಇಲ್ಲ, ಒಳ್ಳೆ ಹೊಳಪು. ಲ್ಯಾಪ್‌ಟಾಪ್ ಇಟ್ಟು ಕೆಲಸಕ್ಕೆ ಕೂತೆ. ಸಂಜೆ ಎತ್ತಿದರೆ ಪರ್ ಅಂತ ಸದ್ದು. ಅಡಿಯ ರಬ್ಬರ್ ಬಿಲ್ಲೆಗಳಲ್ಲಿ ಒಂದು ಕಿತ್ತು ಮೇಜಿನಲ್ಲೇ ಉಳಿದಿತ್ತು, ಉಳಿದ ಮೂರರ ಗುರುತು ಮೊಹರು ಒತ್ತಿದ ಹಾಗೆ ಗುಂಡಗೆ ಕೂತಿತ್ತು.

ಆಗಿದ್ದು ಇಷ್ಟೇ. ಮೊದಲು ಒಳಗಿನ ಥಿನ್ನರ್ ಆರಿ ಹೋಗುತ್ತದೆ, ಅದಕ್ಕೆ ಕೈಗೆ ಒಣಗಿದ ಹಾಗೆ ಅನಿಸುತ್ತದೆ. ಆಮೇಲೆ ಉಳಿದ ಪದರ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಲ್ಲಿವರೆಗೆ ಒಳಗೆ ಮೆತ್ತಗೇ. ನೀರು ಆಧಾರಿತದ್ದು ಬೇಗ, ಒಂದೆರಡು ಗಂಟೆಗೆ ಆರುತ್ತದೆ, ಎರಡರಿಂದ ನಾಲ್ಕು ಗಂಟೆಗೆ ಮುಂದಿನ ಕೋಟ್ ಕೊಡಬಹುದು, ಆದರೂ ಪೂರ್ತಿ ಗಟ್ಟಿಯಾಗಲು ಅದಕ್ಕೂ ಎರಡು ಮೂರು ವಾರ ಬೇಕು.

ಇನ್ನೊಂದು ವಿಷಯ, ಡಬ್ಬಿಯ ಲೆಕ್ಕ ಎಲ್ಲ ಸುಮಾರು 25 ಡಿಗ್ರಿ ಬಿಸಿ, ಹದವಾದ ತೇವ ಇರುವ ದಿನಕ್ಕೆ. ಕಪಾಟಿಗೆ ಹಚ್ಚಿದ್ದು ಜಡಿಮಳೆಯಲ್ಲಿ, ಎರಡನೇ ಕೋಟ್ ಎರಡು ದಿನ ಕಳೆದರೂ ಬೆರಳಿಗೆ ಹತ್ತುತ್ತಿತ್ತು. ಈಗ ಗಡಿಯಾರ ನೋಡೋದೇ ಬಿಟ್ಟಿದ್ದೇನೆ. ಕಾಣದ ಮೂಲೆಯಲ್ಲಿ 220 ನಂಬರಿನ ಸ್ಯಾಂಡ್ ಪೇಪರ್ ನಾಲ್ಕು ಸಲ ಎಳೆಯುತ್ತೇನೆ: ಬಿಳಿ ಪುಡಿ ಉದುರಿದರೆ ಮುಂದಿನ ಕೋಟ್, ಪೇಪರಿಗೆ ಮೇಣದ ಹಾಗೆ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಮೂಗು ಹತ್ತಿರ ತಂದಾಗ ವಾಸನೆ ಇದ್ದರೆ ಇನ್ನೂ ಗಟ್ಟಿಯಾಗಿಲ್ಲ ಅಂತಲೇ ಅರ್ಥ. ಬೇಗ ಮುಗಿಯಲಿ ಅಂತ ದಪ್ಪಗೆ ಬಳಿಯೋದು ಮಹಾ ತಪ್ಪು, ಅದನ್ನೂ ಮಾಡಿದ್ದೇನೆ! ಮೇಲೆ ಹಾಲಿನ ಕೆನೆ ಥರ ಕಟ್ಟಿ ಸುಕ್ಕಾಯಿತು, ಒಳಗೆ ಹಸಿ. ಅಷ್ಟೂ ಕೆರೆದು ತೆಗೆಯಬೇಕಾಯಿತು. ತೆಳುವಾಗಿ ಮೂರು ಸಲ ಹಚ್ಚಿ, ಕಿಟಕಿ ತೆರೆದಿಡಿ, ಸಾಕು.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆಯದ್ದಾದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ಹೊರಗೆ ಬಿಡಿಸಿ ಒಣಹಾಕುತ್ತೇನೆ.

ಎರಡು ವರ್ಷದಲ್ಲಿ ಬಿಸಿ ಲೋಟ ಇಟ್ಟರೂ ಕಲೆ ಆಗಿಲ್ಲ, ನೀರು ಚೆಲ್ಲಿದರೆ ಒರೆಸಿದರೆ ಆಯಿತು. ಬಣ್ಣ ಸ್ವಲ್ಪ ಹಳದಿಗೆ ತಿರುಗಿದೆ, ನನಗೇನೋ ಅದು ಇಷ್ಟ, ಬಿಳಿ ಮರಕ್ಕೆ ಬೇಡ ಅನ್ನುವವರು ನೀರಿನದ್ದೇ ತಗೊಳ್ಳಿ. ಆ ಮೂರು ಗುಂಡು ಗುರುತು ಮಾತ್ರ ಬೆಳಕು ಓರೆಯಾಗಿ ಬಿದ್ದಾಗ ಈಗಲೂ ಕಾಣುತ್ತವೆ. ಉಜ್ಜಿ ಇನ್ನೊಂದು ಕೋಟ್ ಕೊಟ್ಟರೆ ಹೋಗುತ್ತವೆ, ಆದರೆ ಮತ್ತೆ ಒಂದು ತಿಂಗಳು ಮೇಜು ಬಿಟ್ಟಿರಬೇಕಲ್ವಾ.