ಹೊನ್ನಾವರದ ಕಾಂಡ್ಲಾ ನಡಿಗೆ ಹಾದಿ: ಇಳಿತದ ಹೊತ್ತಿನಲ್ಲಿ ಹೋಗಿ

ಶರಾವತಿ ಸಮುದ್ರ ಸೇರುವ ಅಳಿವೆಯ ಬಳಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಅರಣ್ಯ ಇಲಾಖೆ ನಿರ್ಮಿಸಿರುವ ಈ ಹಾದಿಯನ್ನು ನಾನು ಎರಡು ಬಾರಿ ನೋಡಿದ್ದೇನೆ. ಮೊದಲ ಸಲ ಭರತವಿದ್ದುದರಿಂದ ಎಲೆ ಮತ್ತು ನೀರಿನ ಹೊರತು ಹೆಚ್ಚೇನೂ ಕಾಣಲಿಲ್ಲ. ಎರಡನೆಯ ಸಲ ಇಳಿತದಲ್ಲಿ ಹೋದಾಗ, ಕೊಡೆಯ ಕಡ್ಡಿಗಳಂತೆ ಬಾಗಿ ಕೆಸರಿಗಿಳಿದ ಆಸರೆ ಬೇರುಗಳು, ಪೆನ್ಸಿಲಿನಂತೆ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಓಡಾಡುವ ಪುಟ್ಟ ಏಡಿಗಳು ಎಲ್ಲವೂ ಕಣ್ಣಿಗೆ ಬಿದ್ದವು. ಅಲೆಯ ವೇಗವನ್ನು ತಗ್ಗಿಸಿ, ಹೂಳನ್ನು ಹಿಡಿದಿಟ್ಟು, ಏರುತ್ತಿರುವ ಕಡಲಿನೆದುರು ದಡವನ್ನು ಕಾಯುವುದು ಈ ಬೇರುಗಳೇ ಎಂಬುದು ಅಲ್ಲಿ ನಿಂತಾಗ ತಾನಾಗಿಯೇ ಮನದಟ್ಟಾಗುತ್ತದೆ. ತಾಯಿಮರದಲ್ಲೇ ಮೊಳೆತು ಕೋಲಿನಂತೆ ಜೋತುಬಿದ್ದ ಸಸಿಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿ.

ಕಾಂಡ್ಲಾ ಉಳಿಸುವುದು ಒಂದು ಇಲಾಖೆಯಿಂದಷ್ಟೇ ಆಗುವ ಕೆಲಸವಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಿಷ್ಟಿ ಯೋಜನೆಯು ಉದ್ಯೋಗ ಖಾತ್ರಿ, ಕಳೆದುಹೋದ ಕಾಡಿಗೆ ಬದಲಾಗಿ ಕಾಡು ಬೆಳೆಸಲು ಮೀಸಲಾದ ಕ್ಯಾಂಪಾ ನಿಧಿ ಮುಂತಾದವನ್ನು ಒಗ್ಗೂಡಿಸಿ, 9 ರಾಜ್ಯ ಹಾಗೂ 4 ಕೇಂದ್ರಾಡಳಿತ ಪ್ರದೇಶಗಳಲ್ಲಿ ಸುಮಾರು 540 ಚದರ ಕಿಲೋಮೀಟರ್‌ನಲ್ಲಿ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ. ನನ್ನ ದೃಷ್ಟಿಯಲ್ಲಿ, ಅಳಿವೆಯಲ್ಲಿ ಮೀನು ಹಿಡಿಯುವ, ಬಳಚು (ಚಿಪ್ಪುಮೀನು) ಆಯುವ ಕುಟುಂಬಗಳಿಗೆ ಇಂಥ ಕೆಲಸದಲ್ಲಿ ಮೊದಲ ಮಾತು ಸಿಗಬೇಕು.

ನನ್ನೆದುರೇ ಒಬ್ಬ ಪ್ರವಾಸಿ ನೀರಿನ ಬಾಟಲಿಯನ್ನು ಬೇರುಗಳ ನಡುವೆ ಎಸೆದದ್ದು ಬಹಳ ನೋವು ತಂದಿತು. ಹೊರಡುವ ಮುನ್ನ ಅಂದಿನ ಇಳಿತದ ವೇಳೆಯನ್ನು ಸ್ಥಳೀಯ ಮೀನುಗಾರರಲ್ಲಿ ಕೇಳಿಕೊಳ್ಳಿ. ಬೆಳಗಿನ ಹೊತ್ತು ಸಿಕ್ಕರೆ ಹಕ್ಕಿಗಳೂ ಕಾಣಸಿಗುತ್ತವೆ.