ಬಾಲ್ಡರ್ಸ್ ಗೇಟ್ 3: ಕೊಡಲಿ ಹಿಡಿದ ಕಾರ್ಲಾಕ್ ಜೊತೆಗೆ ಬೇಕಾ?

ಕಂಪ್ಯೂಟರ್ ಆಟಗಳಲ್ಲಿ ಕೊಡಲಿ ಹಿಡಿದು ಗರ್ಜಿಸುವ ಜೊತೆಗಾರರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ. ಪಾತ್ರ ಕಟ್ಟಿಕೊಂಡು ಆಡುವ ಫ್ಯಾಂಟಸಿ ಆಟದಲ್ಲಿ ಅರ್ಧ ಹೊಡೆದಾಟ, ಅರ್ಧ ಮಾತು. ಬರೀ ಹೊಡೆಯೋಕೆ ಬರುವವನು ಮಾತಿನ ಹೊತ್ತಲ್ಲಿ ಏನು ಮಾಡಬೇಕು? ಹೆಚ್ಚಿನ ಆಟಗಳು ಇದಕ್ಕೆ ಒಂದೇ ದಾರಿ ಹಿಡಿದಿವೆ. ನಮ್ಮನ್ನು ನಗಿಸೋಕೆ ಅವನನ್ನು ಇಟ್ಟುಕೊಳ್ಳುತ್ತವೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನ ಓಗ್ರೆನ್ ಹಾಗೇ. ಕುಡಿತ, ತೇಗು, ಪೋಲಿ ಮಾತು. ಎರಡು ಸಲ ನಗು ಬರುತ್ತದೆ, ಆಮೇಲೆ ಸಾಕಾಗುತ್ತದೆ. ಅದೇ ಆಟದ ಸ್ಟೆನ್ ನನಗೆ ಜಾಸ್ತಿ ಇಷ್ಟ. ಪಂಜರದಲ್ಲಿ ಸಿಗುವ ಆ ದೈತ್ಯ ಒಂದು ಕುಟುಂಬವನ್ನೇ ಕೊಂದವನು. ಮಾಡಿದ್ದನ್ನು ಮುಚ್ಚಿಡೋದಿಲ್ಲ, ಕ್ಷಮೆಗಾಗಿ ಅಂಗಲಾಚೋದೂ ಇಲ್ಲ. ಅವನ ಒರಟುತನಕ್ಕೆ ಒಂದು ತೂಕವಿದೆ.

ಅದಕ್ಕೇ ಬಾಲ್ಡರ್ಸ್ ಗೇಟ್ 3ರಲ್ಲಿ ಕಾರ್ಲಾಕ್ ಸಿಕ್ಕಾಗ ಅವಳನ್ನು ಜೊತೆಗೆ ಕರೆದುಕೊಳ್ಳಲು ಹಿಂದೆಮುಂದೆ ನೋಡಿದೆ. ತಂಡದಲ್ಲಿ ನಾವೂ ಸೇರಿ ನಾಲ್ಕೇ ಜನ. ಒಬ್ಬಳನ್ನು ಸೇರಿಸಿಕೊಂಡರೆ ಇನ್ನೊಬ್ಬರು ಬಿಡಾರದಲ್ಲಿ ಕೂರಬೇಕು. ಬೀಗ ತೆಗೆಯುವವನು, ಗಾಯ ವಾಸಿ ಮಾಡುವವಳು, ಮಂತ್ರ ಹಾಕುವವನು, ಇವರ ನಡುವೆ ಕೊಡಲಿಗೊಂದು ಜಾಗ ಕೊಡಬೇಕಾ?

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮಾಡಿದ್ದು. 2023ರ ಆಗಸ್ಟ್‌ನಲ್ಲಿ ಕಂಪ್ಯೂಟರ್‌ಗೆ ಬಂತು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದಿತು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ನಮ್ಮ ರೂಪಾಯಿಯಲ್ಲಿ 2,999ಕ್ಕೆ ಬಂದಿತ್ತು. ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್. ನಮ್ಮ ಕಲಬುರಗಿಯಲ್ಲಿ ಆಡುವವರಿಗೆ ಇನ್ನೊಂದು ಮಾತು: ಬೇಸಿಗೆಯಲ್ಲಿ ಹಗಲು ಆಡಬೇಡಿ. ಬ್ರಹ್ಮಪುರದ ನನ್ನ ಮಾಳಿಗೆ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ, ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗುತ್ತದೆ. ಆಟದ ಮೂರನೇ, ಅಂದರೆ ಕೊನೆಯ ಅಂಕದ ನಗರ ಬಂದಾಗ ಪ್ರೊಸೆಸರ್‌ಗೆ ಇನ್ನೂ ಭಾರ. ರಾತ್ರಿ ಹತ್ತರ ಮೇಲೆ, ಕಿಟಕಿ ತೆಗೆದಿಟ್ಟು ಆಡಿದರೆ ಚೆನ್ನಾಗಿ ಓಡುತ್ತದೆ.

ಈಗ ಕಾರ್ಲಾಕ್. ಕೆಂಪು ಮೈ, ಕೊಂಬು, ಒಬ್ಬ ಗಂಡಸಿಗಿಂತ ದೊಡ್ಡ ಆಳು. ಬಾರ್ಬೇರಿಯನ್, ಅಂದರೆ ಕೋಪದ ಬಲದಲ್ಲಿ ಹೊಡೆದಾಡುವ ಯೋಧೆ. ಗೋರ್ಟಾಶ್ ಎಂಬವನ ಅಂಗರಕ್ಷಕಿಯಾಗಿದ್ದಳು. ಅವನೇ ಅವಳನ್ನು ಝಾರಿಯೆಲ್ ಎಂಬ ನರಕದೊಡತಿಗೆ ಮಾರಿಬಿಟ್ಟ. ಅಲ್ಲಿ ಅವಳ ಎದೆಯಿಂದ ಹೃದಯ ತೆಗೆದು ಬೆಂಕಿಯ ಯಂತ್ರ ಕೂರಿಸಿದರು. ಹತ್ತು ವರ್ಷ ಆ ನರಕದ ಯುದ್ಧದಲ್ಲಿ ಹೊಡೆದಾಡಿಸಿದರು. ತಪ್ಪಿಸಿಕೊಂಡು ಬಂದವಳು ನಮಗೆ ಒಂದು ಹೊಳೆಯ ಹತ್ತಿರ ಸಿಗುತ್ತಾಳೆ.

ಹೊಡೆದಾಟದಲ್ಲಿ ಅವಳು ಏನು ಕೊಡುತ್ತಾಳೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾರ್ಬೇರಿಯನ್‌ನ ಕೋಪ ಇಲ್ಲಿ ಒಂದು ಗುಂಡಿ. ಒತ್ತಿದರೆ ಹತ್ತು ಸರದಿವರೆಗೆ ಕತ್ತಿ, ಈಟಿ, ಗದೆಯ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ, ಕೊಡುವ ಪೆಟ್ಟು ಏರುತ್ತದೆ. ಆದರೆ ಒಂದು ಸರದಿಯಲ್ಲಿ ಹೊಡೆಯಲೂ ಇಲ್ಲ, ಹೊಡೆಸಿಕೊಳ್ಳಲೂ ಇಲ್ಲ ಅಂದರೆ ಕೋಪ ಆರಿಹೋಗುತ್ತದೆ. ಈ ನಿಯಮ ಸಣ್ಣದು, ಮಾಡುವ ಕೆಲಸ ದೊಡ್ಡದು. ಅವಳನ್ನು ಹಿಂದೆ ನಿಲ್ಲಿಸಿ ಕಾಯಿಸೋಕೆ ಆಗೋದಿಲ್ಲ. ಯಾರ ಮೇಲಾದರೂ ನುಗ್ಗಲೇಬೇಕು. ನಿಯಮವೇ ಅವಳ ಸ್ವಭಾವವನ್ನು ನಮ್ಮ ಕೈಗೆ ದಾಟಿಸುತ್ತದೆ.

ಆಡುತ್ತ ಅವಳು ಎರಡನೇ ಹಂತಕ್ಕೆ (ಲೆವೆಲ್) ಏರಿದಾಗ ಹುಚ್ಚು ಧೈರ್ಯದ ಹೊಡೆತ ಬರುತ್ತದೆ. ಗುರಿ ತಪ್ಪೋದು ಕಡಿಮೆ, ಆದರೆ ಅವಳ ಮೇಲೆ ಪೆಟ್ಟು ಬೀಳೋದೂ ಸಲೀಸು. ಮೂರನೇ ಹಂತದಲ್ಲಿ ಬರ್ಸರ್ಕರ್ ಎಂಬ ಬಾರ್ಬೇರಿಯನ್ ಬಗೆ ಆರಿಸಿಕೊಂಡರೆ ಎದುರಾಳಿಯನ್ನೇ ಎತ್ತಿ ಇನ್ನೊಬ್ಬನ ಮೇಲೆ ಎಸೆಯಬಹುದು. ನನ್ನ ಗೆಳೆಯನೊಬ್ಬ ಜಾತ್ರೆ ಕುಸ್ತಿ ಆಡಿದವನು. ಆಟಗೀಟದಲ್ಲಿ ಅವನಿಗೆ ಆಸಕ್ತಿಯೇ ಇಲ್ಲ. ಗಾಬ್ಲಿನ್ ಎಂಬ ಒಂದು ಕುಳ್ಳ ಜೀವಿ ಹಾರಿಹೋಗಿ ಇನ್ನೊಂದರ ಮೇಲೆ ಬಿದ್ದದ್ದು ನೋಡಿ ಎದ್ದು ನಿಂತ. "ಇಕಿ ಪೈಲ್ವಾನ್ ಅದಾಳಲೇ, ಇನ್ನೊಮ್ಮಿ ಒಗಿ" ಅಂದ. ಅವನು ಕೇಳಿದಷ್ಟು ಸಲವೂ ಎಸೆದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚೆನ್ನಾಗಿ ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ಕಾರ್ಲಾಕ್ ನನ್ನ ತಂಡದಲ್ಲಿ ಕೊನೆತನಕ ಉಳಿದದ್ದು ಬೇರೆ ಕಾರಣಕ್ಕೆ. ಆ ಯಂತ್ರದ ಬಿಸಿಗೆ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಸುಡುತ್ತದೆ. ಇಷ್ಟು ಶಕ್ತಿ ಇರುವವಳು ಹತ್ತು ವರ್ಷದಿಂದ ಯಾರನ್ನೂ ತಬ್ಬಿಕೊಂಡಿಲ್ಲ. ಅವಳಿಗೆ ಬೇಕಿರೋದು ಅದೊಂದೇ. ರಾಜ್ಯ ಬೇಡ, ದೇವರ ವರ ಬೇಡ. ಅವಳನ್ನು ಗೆಲ್ಲಿಸುವ ಯಂತ್ರವೇ ಅವಳನ್ನು ಒಂಟಿ ಮಾಡಿದೆ. ಹೊಡೆದಾಟದ ಅರ್ಧ, ಮಾತಿನ ಅರ್ಧ ಅಂದೆನಲ್ಲ, ಅವೆರಡನ್ನೂ ಒಂದೇ ಎದೆಯಲ್ಲಿ ಕಟ್ಟಿದ್ದಾರೆ. ಡಾಮನ್ ಎಂಬ ಕಮ್ಮಾರ ನರಕದ ಕಬ್ಬಿಣ ಹಾಕಿ ಎರಡು ಸಲ ಯಂತ್ರ ಸರಿಮಾಡುತ್ತಾನೆ. ಎರಡನೆಯದಾದ ಮೇಲೆ ಅವಳು ಮೊದಲ ಸಲ ತಬ್ಬಿಕೊಳ್ಳುವಾಗ ಸಮಂತಾ ಬೇರ್ಟ್ ಅವರ ದನಿ ಕೇಳಬೇಕು. ಮೂರನೇ ಅಂಕದಲ್ಲಿ ಗೋರ್ಟಾಶ್ ಸತ್ತ ಮೇಲೆ ಅವಳು ಸಿಟ್ಟು, ಅಳು ಎರಡೂ ತಡೆಯದೆ ಕೂಗಾಡುತ್ತಾಳೆ. ಸೇಡು ತೀರಿತು, ಎದೆಯ ಯಂತ್ರ ಹಾಗೇ ಇದೆ. ನಾನು ಆಡಿದ ಯಾವ ಆಟದಲ್ಲೂ ಒಬ್ಬ ಯೋಧೆ ಹೀಗೆ ಒಡೆದುಹೋದದ್ದನ್ನು ನೋಡಿಲ್ಲ. ಅಲ್ಲಿ ಆಟ ನಿಲ್ಲಿಸಿ ಕೆಳಗೆ ಹೋಗಿ ನೀರು ಕುಡಿದು ಬಂದೆ.

ಒಂದು ಚಿಕ್ಕ ವಿಷಯವನ್ನೂ ಹೇಳಬೇಕು. ಆಟದಲ್ಲಿ ಆತ್ಮದ ನಾಣ್ಯಗಳು ಸಿಗುತ್ತವೆ. ಒಂದೊಂದರಲ್ಲೂ ಯಾರದೋ ಆತ್ಮ ಸೆರೆಯಾಗಿದೆ. ಕಾರ್ಲಾಕ್ ಅದನ್ನು ಯಂತ್ರಕ್ಕೆ ಹಾಕಿಕೊಂಡರೆ ಕೋಪದಲ್ಲಿದ್ದಾಗ ಅವಳ ಪೆಟ್ಟಿಗೆ ಬೆಂಕಿಯೂ ಸೇರುತ್ತದೆ. ಲಾಭ ಚೆನ್ನಾಗಿದೆ. ನಾನು ಒಂದನ್ನೂ ಬಳಸಲಿಲ್ಲ. ಗಂಟಿನಲ್ಲಿ ಹಾಗೇ ಇಟ್ಟುಕೊಂಡೆ.

ಕೊರತೆ ಇಲ್ಲವೇ? ಇದೆ. ಒರಟು ಅನ್ನೋದು ಅವಳ ಮೈಯಲ್ಲಿದೆ, ನಡತೆಯಲ್ಲಿ ಅಷ್ಟಿಲ್ಲ. ಬೈಗುಳ ಬಹಳ, ಮನಸ್ಸು ಬೆಣ್ಣೆ. ನಾವು ಒಳ್ಳೆಯವರಾಗಿ ನಡೆದರೆ ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ನಮಗೆ ಎದುರಾಡುವ, ನಾವು ಮಾಡಿದ್ದನ್ನು ಹೀನಾಯ ಮಾಡುವ ನಿಜವಾದ ಒರಟು ಬೇಕಿದ್ದರೆ ಅದು ಇನ್ನೊಬ್ಬ ಜೊತೆಗಾತಿ ಲೇಜೆಲ್. ಆ ಗಿಥ್‌ಯಾಂಕಿ ಕುಲದ ಹೆಣ್ಣು ಮೊದಲ ಭೇಟಿಯಿಂದಲೇ ಹುಕುಂ ಮಾಡುತ್ತಾಳೆ, ನಿಧಾನಕ್ಕೆ ಬದಲಾಗುತ್ತಾಳೆ. ಆ ದಾರಿ ಕಾರ್ಲಾಕ್‌ಗೆ ಇಲ್ಲ, ಅವಳು ಬಂದಾಗ ಹೇಗಿದ್ದಳೋ ಹಾಗೇ ಇರುತ್ತಾಳೆ. ಆದರೆ ಅವಳಿಗೂ ಒಂದು ಗೆರೆ ಇದೆ. ಗಾಬ್ಲಿನ್‌ಗಳ ಪಕ್ಷ ಸೇರಿ ತೋಪಿನಲ್ಲಿರುವ ನಿರಾಶ್ರಿತರನ್ನು ಕೊಂದರೆ ತಂಡ ಬಿಟ್ಟು ಹೋಗಿಬಿಡುತ್ತಾಳೆ. ಅದು ಸರಿಯಾಗೇ ಇದೆ.

ದೊಡ್ಡ ಕೊರತೆ ಮೂರನೇ ಅಂಕದಲ್ಲಿದೆ. ಬೇರೆ ಜೊತೆಗಾರರಿಗೆ ಅಲ್ಲಿ ದೊಡ್ಡ ದೊಡ್ಡ ಕತೆ, ಹುಡುಕಾಟ, ಆಯ್ಕೆ. ಇವಳಿಗೆ ಗೋರ್ಟಾಶ್ ಬಿಟ್ಟರೆ ಹೆಚ್ಚೇನಿಲ್ಲ. ಇಡೀ ನಗರ ಸುತ್ತಿದರೂ ಅವಳ ಎದೆಗೆ ಔಷಧ ಹುಡುಕುವ ದಾರಿ ಕೊಟ್ಟಿಲ್ಲ. ಕೊನೆಯೂ ಮೊದಲು ಗಡಿಬಿಡಿಯಲ್ಲಿ ಮುಗಿಯುತ್ತಿತ್ತು. ಆಟ ಬಂದ ತಿಂಗಳಲ್ಲೇ ಎರಡನೇ ಪ್ಯಾಚ್‌ನಲ್ಲಿ, ಅಂದರೆ ಆಟಕ್ಕೆ ಆಮೇಲೆ ಕಳಿಸುವ ತಿದ್ದುಪಡಿಯಲ್ಲಿ, ಅದನ್ನು ಬೆಳೆಸಿದರು, ನವೆಂಬರ್‌ನ ಐದನೇ ಪ್ಯಾಚ್‌ನಲ್ಲಿ ಎಲ್ಲರೂ ಕೂಡುವ ಒಂದು ರಾತ್ರಿಯನ್ನೂ ಸೇರಿಸಿದರು. ಈಗ ಆಡುವವರಿಗೆ ಅದೆಲ್ಲ ಸಿಗುತ್ತದೆ. ಕೊನೆ ಏನು ಅಂತ ನಾನು ಹೇಳೋದಿಲ್ಲ.

ಮಾತಿನ ಆಟ ಮಾತ್ರ ಬೇಕು, ಹೊಡೆದಾಟ ಬೇಜಾರು ಅನ್ನುವವರೂ ಅವಳನ್ನು ತಂಡದಲ್ಲಿ ಇಟ್ಟುಕೊಳ್ಳಿ. ಹೊಸದಾಗಿ ಶುರು ಮಾಡುವವರು ಮೂರು ಸಂಗತಿ ನೆನಪಿಡಿ. ಸುಂಕದ ಮನೆಯಲ್ಲಿ ಟಿರ್ ದೇವರ ಹೆಸರು ಹೇಳಿಕೊಂಡು ಕೂತ ಯೋಧರು ಅವಳ ತಲೆ ತಂದುಕೊಡಿ ಅಂತಾರೆ, ಅವರ ಮಾತು ನಂಬಬೇಡಿ. ನರಕದ ಕಬ್ಬಿಣ ಎಲ್ಲಿ ಸಿಕ್ಕರೂ ಮಾರಬೇಡಿ. ಮತ್ತೆ ಡಾಮನ್ ಬದುಕಿರಬೇಕು. ಎರಡನೇ ಅಂಕದ ಲಾಸ್ಟ್ ಲೈಟ್ ಛತ್ರದಲ್ಲಿ ಅವನ ಕುಲುಮೆ ಇದೆ. ಬೇರೆ ಕೆಲಸ ಏನಿದ್ದರೂ ಬಿಟ್ಟು ಕಾರ್ಲಾಕ್‌ಳನ್ನು ಕರೆದುಕೊಂಡು ಮೊದಲು ಅಲ್ಲಿಗೆ ಹೋಗಿ.